ಕಲ್ಮೇಶ ಸರ್‌ಗೆ ಹಾಕಿದ ಮಾಲೆ

"ಕ್ಯಾಪ್ಟನ್ ಎಲ್ಲಿ? ಮಾಲಿ ಕ್ಯಾಪ್ಟನ್ ಹಾಕಬೇಕಲ್ಲ, ರೇಣು ಎಲ್ಲದಾಳ?" ಪ್ರಾಚಾರ್ಯ ಬಸಲಿಂಗಪ್ಪನವರು ಮೈಕಿನಲ್ಲೇ ಕೇಳಿದರು.

ಸಭಾಂಗಣದ ಕೊನೆಯ ಸಾಲಿನಲ್ಲಿದ್ದ ರೇಣು ಏಳಲಿಲ್ಲ. ವೇದಿಕೆಯ ಮೇಲೆ ಕಬಡ್ಡಿ ಕೋಚ್ ಕಲ್ಮೇಶ ಹೆಗಲಿಗೆ ಶಾಲು, ತಲೆಗೆ ರುಮಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಮದುಮಗನ ಹಾಗೆ ಕೂತಿದ್ದ. ಕೋಚ್ ಬಿಟ್ಟು ಹೋಗುವಾಗ ತಂಡದ ನಾಯಕಿಯೇ ಮಾಲೆ ಹಾಕಿ ಕಾಲು ಮುಟ್ಟಬೇಕು, ಅದು ಈ ಕಾಲೇಜಿನ ಪದ್ಧತಿ. ಪಕ್ಕದ ಹುಡುಗಿಯರು ರೇಣುವನ್ನು ತಿವಿಯುತ್ತಿದ್ದರು. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು, ಬೆರಳು ಬಿಳಿಚಿಕೊಂಡಿತ್ತು.

ಕಾಲೇಜಿನ ಮಹಿಳಾ ದೂರು ಸಮಿತಿಯಲ್ಲಿದ್ದ ಉಪನ್ಯಾಸಕಿ ಪ್ರಜ್ಞಾಳಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ವೇದಿಕೆ ಹತ್ತಿದಳು. "ಅಕಿಗೆ ಜ್ವರ ಬಂದಾವ್ರಿ ಸರ್, ನಾ ಹಾಕ್ತೇನಿ" ಎಂದು ಚೆಂಡುಹೂವಿನ ಮಾಲೆ ಎತ್ತಿಕೊಂಡಳು. ಕಲ್ಮೇಶ ಕೊರಳು ಬಾಗಿಸಿದ. ಜವಾನ ಕಾಡಪ್ಪ ಮೊಬೈಲ್ ಎತ್ತಿ, "ಸ್ವಲ್ಪ ನಗ್ರಿ ಮೇಡಮ್" ಎಂದ. ಪ್ರಜ್ಞಾ ನಕ್ಕಳು. ಯಾಕೆ ನಕ್ಕಳೋ ಅವಳಿಗೇ ಗೊತ್ತಿಲ್ಲ. ಫೋಟೊ ಅಂದರೆ ಹಲ್ಲು ಕಿರಿಯುವುದೊಂದು ಹಾಳು ಅಭ್ಯಾಸ ನಮ್ಮ ಜನಕ್ಕೆ.

ಶುರುವಾದದ್ದು ಕಾಲು ಮುಟ್ಟುವುದರಿಂದಲೇ. ಅಂಗಳಕ್ಕೆ ಇಳಿಯುವ ಮೊದಲು ಹುಡುಗಿಯರೆಲ್ಲ ಕೋಚಿನ ಕಾಲಿಗೆ ಎರಗುವುದು ರೂಢಿ. ದೀಪಾವಳಿಯ ನಂತರ ರೇಣು ಅದನ್ನು ಬಿಟ್ಟುಬಿಟ್ಟಳು. "ಗುರುಗಳ ಕಾಲ ಮುಟ್ಟಾಕ ಏನ ಸೊಕ್ಕವ್ವಾ ನಿನಗ?" ಎಂದು ಎಲ್ಲರೆದುರು ಬೈದವಳು ಪ್ರಜ್ಞಾಳೇ. ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ರೇಣು ನೆಲ ನೋಡುತ್ತ ಹೇಳಿದಳು. ಕಲ್ಮೇಶ ಅವಳ ಉಳುಕಿದ ಕಾಲಿಗೆ ಎಣ್ಣೆ ಹಚ್ಚುತ್ತೇನೆಂದು ಆಟದ ಸಾಮಾನಿನ ಕೋಣೆಗೆ ಕರೆದದ್ದು, ಚಿಲಕ ಹಾಕಿದ್ದು, ಕೈ ಮೊಣಕಾಲಿಗೆ ನಿಲ್ಲದೆ ಮೇಲೆ ಹೋದದ್ದು, ಬಾಯಿ ಬಿಟ್ಟರೆ ಯೂನಿವರ್ಸಿಟಿ ತಂಡದ ಆಸೆ ಬಿಡು ಅಂದದ್ದು. ಬೈದ ಬಾಯಿಗೆ ಮಣ್ಣು ಬೀಳಲಿ ಅನ್ನಿಸಿತು ಪ್ರಜ್ಞಾಳಿಗೆ.

ಪ್ರಜ್ಞಾ ಹೋಗಿ ಹೇಳಿದ್ದನ್ನು ಬಸಲಿಂಗಪ್ಪನವರು ಕೇಳಿಸಿಕೊಂಡರು, ಕನ್ನಡಕ ಒರೆಸಿಕೊಂಡರು. "ಅಂವಾ ಗುತ್ತಿಗಿ ಮನಷಾ ಅದಾನ್ರಿ. ಮಾರ್ಚಿಗೆ ಕರಾರು ಮುಗೀತೈತಿ, ತಾನ ಹೋಗ್ತಾನ. ನಡುವ ತಗದ್ರ ನೋಟಿಸ್ ಕೊಡಬೇಕು, ವಿಚಾರಣಿ ಮಾಡಬೇಕು, ಅಂವಾ ಕೋರ್ಟಿಗೆ ಹೋಗ್ತಾನ. ಬರದ ಕೊಟ್ಟ ದೂರ ಎಲ್ಲೈತಿ ನಿಮ್ಮ ಹಂತೇಕ?" ಆಮೇಲೆ ದನಿ ಇಳಿಸಿ, "ನಿಮ್ಮ ಕರಾರೂ ಮಾರ್ಚಿಗೇ ಐತಿ ಅಲ್ರಿ?" ಎಂದರು. ಬೆದರಿಕೆಯೆಂದು ಹಿಡಿದು ತೋರಿಸುವಂತಿರಲಿಲ್ಲ. ಕ್ಯಾಲೆಂಡರ್ ನೋಡಿ ಹೇಳಿದ ಹಾಗಿತ್ತು.

ಆದರೂ ಪ್ರಜ್ಞಾ ಬಿಡಲಿಲ್ಲ, ಬಸ್ಸು ಹತ್ತಿ ದೊಡವಾಡಕ್ಕೆ ರೇಣುವಿನ ಮನೆಗೆ ಹೋದಳು. ಗೌಂಡಿ ಕೆಲಸದಿಂದ ಆಗಷ್ಟೇ ಬಂದಿದ್ದ ಲಗಮಣ್ಣ ಕೈಗೆ ಹತ್ತಿದ ಸಿಮೆಂಟ್ ಉಜ್ಜುತ್ತ ಮಗಳ ಕಡೆ ನೋಡದೆ ಹೇಳಿದ, "ಬರದ ಕೊಡೂದ ಬ್ಯಾಡ್ರಿ ಮೇಡಮ್. ನಮ್ಮಂಥಾವ್ರ ಮಾತ ನಿಂದ್ರೂದಿಲ್ಲ. ಹುಡಿಗಿ ಹೆಸರ ಅಷ್ಟ ನಿಂದರತೈತಿ. ಮಂದಿ ಬಾಯಿಗೆ ಬಿತ್ತಂದ್ರ ನಾಳಿಂದ ಕಾಲೇಜ ಬಂದ್, ಆಟಾನೂ ಬಂದ್."

ತಾಯಿ ಪದ್ಮವ್ವ ದೇವರ ಜಗಲಿಯಿಂದ ಎಲ್ಲಮ್ಮನ ಭಂಡಾರ ತಂದು ಪ್ರಜ್ಞಾಳ ಅಂಗೈಗೆ ಹಾಕಿದಳು. "ಯಾರ ಮುಂದೂ ಹೇಳೂದಿಲ್ಲಂತ ಮಾತ ಕೊಡ್ರಿ ನಮ್ಮವ್ವಾ. ಅಂದ್ರ ಅಷ್ಟ ಅಕಿನ್ನ ಕಾಲೇಜಿಗೆ ಕಳಸ್ತೇನಿ." ಪ್ರಜ್ಞಾಳ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ, ಭಂಡಾರ ಅವಳಿಗೆ ಬರೀ ಅರಿಶಿನ. ಆದರೆ ಪದ್ಮವ್ವ ಹಿಡಿದ ಕೈ ಬಿಡಲಿಲ್ಲ, ಬಾಗಿಲ ಮರೆಯಲ್ಲಿ ರೇಣು ನಿಂತು ಕೇಳುತ್ತಿದ್ದಳು. ಪ್ರಜ್ಞಾ ಮಾತು ಕೊಟ್ಟು ಮುಷ್ಟಿ ಮುಚ್ಚಿದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಕೋಲಂತೂ ಮುರಿಯಲಿಲ್ಲ. ಹಾವಿಗೆ ಶಾಲು ಹೊದಿಸಿ ಕಳಿಸಿದರು.

ಜುಲೈಗೆ ಕಾಲೇಜು ಮತ್ತೆ ತೆರೆಯಿತು. ಪ್ರಜ್ಞಾಳ ಕರಾರು ಮುಂದುವರಿಯಿತು. ಹೊಸ ಕೋಚ್ ಬರುವ ತನಕ ಸಂಜೆ ಹುಡುಗಿಯರ ಜೊತೆ ಅಂಗಳದಲ್ಲಿ ನಿಲ್ಲುವ ಕೆಲಸವೂ ಅವಳಿಗೇ ಬಿತ್ತು. ಆ ದಿನ ಮಾಲೆ ಹಾಕುವುದು ತಪ್ಪಿಸಿದ್ದಕ್ಕೋ ಏನೋ, ರೇಣು ಆಟಕ್ಕೆ ಇಳಿಯುವ ಮೊದಲು ಪ್ರಜ್ಞಾಳ ಕಾಲು ಮುಟ್ಟತೊಡಗಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ಪ್ರಜ್ಞಾಳಿಗೆ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಅವತ್ತು ಹುಡುಗಿಯರು ಬೂಟಿನ ಲೇಸು ಬಿಗಿಯುತ್ತಿದ್ದಾಗ ಫೋನ್ ಬಂತು.

"ರಾಮದುರ್ಗದಿಂದ ರಾಣಿ ಅಂತ ಮಾತಾಡಾಕ ಹತ್ತೇನ್ರಿ. ನಾನೂ ನಿಮ್ಮಂಗ ನಮ್ಮ ಕಾಲೇಜಿನ ಮಹಿಳಾ ಸಮಿತ್ಯಾಗ ಅದೇನಿ. ಕಲ್ಮೇಶ ಸರ್‌ನ್ನ ಹುಡಿಗ್ಯಾರ ಟೀಮಿಗೆ ತಗೋಳಾಕ ಹತ್ತ್ಯಾರ್ರಿ ಇಲ್ಲೆ. ಒಂದ ಮಾತ ನಿಮ್ಮನ್ನ ಕೇಳೂಣಂತ."

"ನನ್ನ ಯಾಕ್ರಿ?"

"ಸರ್ ಫೋಟೊ ತೋರಿಸಿದ್ರಲ್ರಿ, ನೀವ ಮಾಲಿ ಹಾಕಿದ್ದು. ಮಹಿಳಾ ಸಮಿತಿ ಮೇಡಮ್ಮಾರ ನಕ್ಕೋತ ಮಾಲಿ ಹಾಕಿ ಕಳಿಸ್ಯಾರಂದ್ರ ಮತ್ತೇನ ಬೇಕಂದ್ರು ನಮ್ಮ ಪ್ರಾಚಾರ್ಯರು. ಆದ್ರೂ ನನ್ನ ಸಮಾಧಾನಕ್ಕ ಕೇಳಿದೆ. ಹೆಂಗ್ರಿ ಮನಷಾ?"

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನು ಸರಿ ಇಲ್ಲ ಅಂದರೆ ಸಾಕು, ಯಾಕ್ರಿ, ಯಾರ ಜೋಡಿ ಎಂಬ ಮುಂದಿನ ಪ್ರಶ್ನೆ ಕಾದು ಕೂತಿತ್ತು. ಆ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರ ಹುಡುಕುವುದು ಎಷ್ಟು ಹೊತ್ತು? ದೊಡವಾಡದ ಬಸ್ಸಿಗಿಂತ ಮೊದಲು ಸುದ್ದಿ ದೊಡವಾಡ ಮುಟ್ಟುತ್ತಿತ್ತು. ಎದುರಿಗೆ ರೇಣು ಕೂದಲು ಎತ್ತಿ ಕಟ್ಟುತ್ತ ಗೆಳತಿಗೆ ಏನೋ ಹೇಳಿ ನಗುತ್ತಿದ್ದಳು.

"ಹುಡಿಗ್ಯಾರನ್ನ ಒಬ್ಬೊಬ್ಬರನ್ನ ಕಳಸಬ್ಯಾಡ್ರಿ" ಎಂದಳು ಪ್ರಜ್ಞಾ. "ಯಾವಾಗ್ಲೂ ಒಬ್ರು ಮೇಡಮ್ ಜೋಡಿ ಇರ್ರಿ."

"ಅಯ್ಯ, ಅದು ಯಾರ ಬಂದ್ರೂ ಇರೂದ ಐತಲ್ರಿ. ಸರ್ ಹೆಂಗ ಅಂತ ಕೇಳಿದೆ."

ಪ್ರಜ್ಞಾ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನಾದರೂ ಆ ಹೆಣ್ಣುಮಗಳು ಅರ್ಥ ಮಾಡಿಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಹಲೋ, ಕೇಳಸ್ತೈತೇನ್ರಿ? ನಮ್ಮ ಕಡೆ ರೇಂಜ್ ಇಲ್ಲ."

"ಆಟ ಚಲೋ ಕಲಸ್ತಾರ್ರಿ" ಎಂದಳು ಪ್ರಜ್ಞಾ.

"ಸಾಕ ಬಿಡ್ರಿ ಮತ್ತ. ಭಾಳ ಉಪಕಾರ ಆತು."

ಫೋನ್ ಕಟ್ಟಾದ ಮೇಲೂ ಅವಳು ಅದನ್ನು ಕಿವಿಗೆ ಹಿಡಿದೇ ನಿಂತಿದ್ದಳು. ರೇಣು ಓಡಿ ಬಂದಳು. "ಶುರು ಮಾಡೂಣೇನ್ರಿ ಮೇಡಮ್?" ಎಂದು ಎಂದಿನಂತೆ ಬಗ್ಗಿದಳು. ಪ್ರಜ್ಞಾ ಬೆಂಕಿ ತುಳಿದವಳ ಹಾಗೆ ಕಾಲು ಹಿಂದಕ್ಕೆಳೆದುಕೊಂಡಳು.

"ಯಾಕ್ರಿ?"

"ಬ್ಯಾಡವ್ವಾ. ಇವತ್ತ ಬ್ಯಾಡ."

ರೇಣು ಒಂದು ಗಳಿಗೆ ಬಗ್ಗಿದಲ್ಲೇ ಇದ್ದಳು. ಆಮೇಲೆ ಕಾಲು ಇದ್ದ ಜಾಗದ ಮಣ್ಣನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿ ಓಡಿದಳು.