ಕೆರೆದಾರಿಗೆ ಚೀಟಿ ಯಾಕೆ?

ಮಧ್ಯಾಹ್ನವಾದರೆ ಸಾಕು, ಕೆರೆಯ ಬೆಳಕು ಕಿಟಕಿಯಿಂದ ಒಳಬಂದು ದರ್ಜಿಯ ಅಂಗಡಿಯ ಚಾವಣಿಯ ಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಅವನ ತಾಯಿ ಕಣ್ಣು ಅರೆಮುಚ್ಚಿ, ಬಲ ಅಂಗೈಯನ್ನು ಮೇಲ್ಮುಖವಾಗಿ ಚಾಚಿ ಕೂತಿರುತ್ತಿದ್ದಳು. ಊರಿಗೆಲ್ಲ ಆಕೆ ಈಜಜ್ಜಿ. ನಲವತ್ತು ವರ್ಷ ಊರ ಮಕ್ಕಳನ್ನು ಆ ಅಂಗೈ ಮೇಲೆ ಮಲಗಿಸಿಕೊಂಡೇ ಈಜು ಕಲಿಸಿದವಳು. ಈಗ ಮೊಮ್ಮಗಳ ಸರದಿ ಬಂದಿತ್ತು. ಆದರೆ ಕೆರೆದಾರಿಗೆ ಗೇಟು ಬಿದ್ದು ತಿಂಗಳಾಗಿತ್ತು.

ದಡದ ಜಮೀನು ಕೊಂಡ ಬಂಗಲೆಯವರು ಹಾಕಿಸಿದ ಗೇಟು ಅದು. ಕೆಟ್ಟವರೇನಲ್ಲ, ಪಾಪ, ನಗುನಗುತ್ತಲೇ ಬೀಗ ಹಾಕಿದ್ದರು. ದರ್ಜಿಯ ಮೇಜಿನ ಮೇಲೆ ಇದ್ದದ್ದೂ ಅವರದೇ ಹದಿನೆಂಟು ಪರದೆ.

"ಅಮ್ಮಾ, ಭಾನುವಾರ ಭಾನುವಾರ ನಮ್ಮನ್ನ ಬಿಡ್ತಾರಂತೆ," ಎಂದು ದರ್ಜಿ ಒಂದು ಚೀಟಿ ತೋರಿಸಿದ. "ಇದಕ್ಕೊಂದು ಸಹಿ ಹಾಕಿ ಕೊಟ್ರೆ ಆಯ್ತು."

"ನೀರು ಭಾನುವಾರ ಮಾತ್ರ ಇರುತ್ತೇನೋ?" ಎಂದಳು ಈಜಜ್ಜಿ, ಕಣ್ಣು ತೆರೆಯದೆ.

ಅಷ್ಟರಲ್ಲಿ ಅಂಚೆಯಕ್ಕ ಸೈಕಲ್ ನಿಲ್ಲಿಸಿ ಒಳಬಂದಳು. ಊರ ಕಚೇರಿಯ ಗೋಡೆಗೆ ಅಂಟಿಸಿದ ಕಾಗದವನ್ನೆಲ್ಲ ಅಂಟು ಒಣಗುವ ಮೊದಲೇ ಓದುವ ಹೆಂಗಸು.

"ಅಯ್ಯೋ ಮಾರಾಯ, ಸಹಿ ಹಾಕಿಬಿಟ್ಯಾ?"

"ಇನ್ನೂ ಇಲ್ಲ. ಮರ್ಯಾದೆಯಾಗಿ ಕೇಳ್ಕೊಂಡು ಹೋದ್ರೆ ತಪ್ಪೇನಕ್ಕ?"

"ಮೊದಲ ಸಾಲು ಓದು."

"'ಮಾಲೀಕರ ದಯೆಯಿಂದ...'" ದರ್ಜಿ ಅಲ್ಲೇ ತಡವರಿಸಿದ.

"ನೋಡಿದ್ಯಾ? ದಾರಿ ನಮ್ಮದಲ್ಲ ಅಂತ ನಾವೇ ಬರ್ಕೊಟ್ಟ ಹಾಗಾಯ್ತು. ನಾಳೆ ದಯೆ ಮುಗೀತು ಅಂದ್ರೆ? ಕಚೇರಿಲಿ ಹಳೇ ನಕ್ಷೆ ನೋಡ್ಬಂದೆ. ಅದರಲ್ಲಿ ನಮ್ಮ ದಾರಿ ಇದೆ. ಗೆರೆ ಮಾಸಿದೆ ಅಷ್ಟೆ. ಜನ ಓಡಾಡ್ತಿದ್ರು ಅನ್ನೋಕೆ ಸಾಕ್ಷಿ ಬೇಕಂತೆ."

"ಸಾಕ್ಷಿ ಎಲ್ಲಿಂದ ತರೋದು? ಕೈಗೆ ಬಂದ ತುತ್ತು ಬಾಯಿಗಿಲ್ಲದ ಹಾಗೆ ಮಾಡ್ತೀಯಲ್ಲಕ್ಕ!"

ಈಜಜ್ಜಿ ಈಗ ಕಣ್ಣು ತೆರೆದಳು. "ನಿಂಗೆ ಈಜು ಕಲಿಸಿದ್ದು ಎಲ್ಲೋ? ಈ ಅಂಚೆಯವಳಿಗೆ? ಆ ಕಚೇರಿ ಗುಮಾಸ್ತನಿಗೆ? ಹೆದರ್ಕೊಂಡು ನನ್ನ ಕೈ ಕಚ್ಚಿದ್ದ, ಪುಣ್ಯಾತ್ಮ!"

ದರ್ಜಿ ತಲೆಯೆತ್ತಿ ಚಾವಣಿ ನೋಡಿದ. ಬೆಳಕಿನ ಅಲೆಗಳು ಮೆಲ್ಲಗೆ ಸರಿಯುತ್ತಿದ್ದವು. ನೋಡನೋಡುತ್ತ ಅವನ ಬೆನ್ನಿಗೆ ತಣ್ಣನೆಯ ನೀರು ತಾಗಿದಂತಾಯಿತು. ಕಿವಿ ತುಂಬಿ ಊರಿನ ಸದ್ದೆಲ್ಲ ದೂರವಾಯಿತು. ಮೇಲೆ ಬರೀ ಆಕಾಶ, ಕೆಳಗೆ ಅಮ್ಮನ ಬೆಚ್ಚನೆಯ ಅಂಗೈ. ಇದು ತನ್ನ ಮಗಳಿಗೆ ಸಿಗದೆ ಹೋಗುತ್ತದಲ್ಲ! ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಹೊಲಿಗೆ ಯಂತ್ರದ ಕಾಲಡಿ ಇಟ್ಟ.

ಮುಂದಿನ ಮೂರು ದಿನ ಸಂಜೆ ಜನ ಅಂಗಡಿಗೆ ಬರುತ್ತಲೇ ಇದ್ದರು. ದರ್ಜಿಯ ಅಳತೆಪುಸ್ತಕದಲ್ಲಿ ತಮ್ಮ ಹೆಸರು, ಯಾವ ವಯಸ್ಸಿನಲ್ಲಿ ಆ ದಾರಿಯಲ್ಲಿ ಹೋಗಿ ಈಜಜ್ಜಿಯ ಕೈಮೇಲೆ ತೇಲಿದೆವು ಎಂಬುದನ್ನೆಲ್ಲ ಬರೆದರು. ಅಂಥದೇ ಚೀಟಿಗೆ ಆಗಲೇ ಸಹಿ ಹಾಕಿಕೊಟ್ಟಿದ್ದ ಊರವರೂ ಬಂದು, ಅದನ್ನು ಹಿಂದೆ ಪಡೆಯುತ್ತೇವೆಂದು ಬರೆದುಕೊಟ್ಟರು. ಅಂಚೆಯಕ್ಕ ಅರ್ಜಿ ಬರೆದಳು, ನಕ್ಷೆಯ ಪ್ರತಿ ಲಗತ್ತಿಸಿದಳು. ಗುಮಾಸ್ತ ತಲೆತಗ್ಗಿಸಿ, ತಾನೂ ಒಂದು ಸಾಲು ಬರೆದ. ಕಚೇರಿಯವರು ಬಂದು ದಾರಿ ಅಳೆದರು. ಗೇಟು ಹೋಯಿತು. ಪರದೆ ಕೆಲಸವೂ ಕೈತಪ್ಪಲಿಲ್ಲ. ಬಂಗಲೆಗೆ ಕಿಟಕಿಗಳಂತೂ ಇದ್ದೇ ಇದ್ದವಲ್ಲ!

ಮರುದಿನ ಬೆಳಿಗ್ಗೆ ನೀರಿನ ಮೇಲೆ ಇನ್ನೂ ಮಂಜು ಕೂತಿತ್ತು. ಮೊಮ್ಮಗಳು ಅಂಗಾತ ತೇಲುತ್ತ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಅಜ್ಜೀ, ಕೈ ತೆಗೀಬೇಡ!"

"ತೆಗೆದು ಆಗ್ಲೇ ಎಷ್ಟೋ ಹೊತ್ತಾಯ್ತು, ಕಂದಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಕೆರೆಗೋ ಹೊಳೆಗೋ ಕಾಡಿಗೋ ಹೋಗುವ ಒಂದು ದಾರಿ ಇದ್ದೀತು. ಊರ ನಕ್ಷೆಯಲ್ಲಿ ಅದನ್ನು ಹುಡುಕಿ. ಹಿರಿಯರ ನೆನಪನ್ನು ಕಾಗದಕ್ಕಿಳಿಸಿ. ಯಾವ ಚೀಟಿಗೂ ಓದದೆ ಸಹಿ ಹಾಕಬೇಡಿ. ನಡೆಯುವವರಿದ್ದರೆ ದಾರಿ ಉಳಿಯುತ್ತದೆ. ನಾಳೆ ಬೆಳಿಗ್ಗೆ ಮಕ್ಕಳ ಕೈ ಹಿಡಿದು ಒಮ್ಮೆ ನೀರಿನ ತನಕ ಹೋಗಿಬನ್ನಿ.