ಹಾಲಿನ ಕವರಿನೊಳಗಿನ ಸೂಜಿ

ಟೈಲರಣ್ಣನಿಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿ ಸಂಘದ ಕೋಣೆಯ ಬೀಗದ ಕೈ ಅವನ ಬಳಿ ಇತ್ತು, ಅದೇ ತಲೆನೋವಾಗಿತ್ತು. ಕಸ ಬೇರ್ಪಡಿಸುವ ಶೆಡ್ಡಿನ ಹೆಂಗಸರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲು ಆ ಕೋಣೆ ಬೇಕೆಂದು ನರ್ಸಮ್ಮ ಕೇಳಿದ್ದರು. ನಮ್ಮ ಮಕ್ಕಳು ಆಡುವ ಜಾಗಕ್ಕೆ ಆ ರೋಗ ತರುವುದೇ ಎಂದು ಬೀದಿಯವರು ತಕರಾರು ತೆಗೆದರು. ಎಲ್ಲರಿಗಿಂತ ಜೋರಾಗಿ ದನಿ ಎತ್ತಿದವನು ಟೈಲರಣ್ಣನೇ.

ಈಗ ನರ್ಸಮ್ಮ ಮತ್ತೆ ಅಂಗಡಿ ಬಾಗಿಲಲ್ಲಿ ನಿಂತಿದ್ದರು. ಅವನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ನಾಳೆ ನಮಗೆ ಅಂಟಿದರೆ ಯಾರು ಹೊಣೆ ಎಂದ.

ನರ್ಸಮ್ಮ ಸಿಟ್ಟಾಗಲಿಲ್ಲ. ಈ ರೋಗ ಕೆಮ್ಮಿದರೆ ಬರದು, ಜೊತೆಗೆ ಕೂತು ಉಂಡರೆ ಬರದು, ಕೈ ಹಿಡಿದರೂ ಬರದು ಎಂದು ಬಿಡಿಸಿ ಹೇಳಿದರು. ರಕ್ತದಿಂದ, ಬಳಸಿದ ಸೂಜಿ-ಬ್ಲೇಡಿನಿಂದ, ಎಚ್ಚರಿಕೆಯಿಲ್ಲದ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಎಷ್ಟೋ ಜನರಿಗೆ ಗೊತ್ತೇ ಆಗದಂತೆ ಒಳಗೊಳಗೇ ಲಿವರನ್ನು ಹಾಳುಮಾಡುತ್ತದೆ.

ಶೆಡ್ಡಿನ ಹೆಂಗಸರಿಗೆ ಗಂಟು ಕಟ್ಟಿದ ಕವರುಗಳನ್ನೆಲ್ಲ ಬಿಚ್ಚುತ್ತ ಕೂರಲು ಪುರುಸೊತ್ತಿಲ್ಲ. ಒಳಗೇನಿದೆ ಎಂದು ಕೈಯಲ್ಲಿ ಹಿಸುಕಿ ನೋಡುತ್ತಾರೆ. ಅಂದು ಬೆಳಿಗ್ಗೆ ಹಾಗೆ ಹಿಸುಕಿದ ಏಳು ತಿಂಗಳ ಬಸುರಿಯೊಬ್ಬಳ ಬೆರಳಿಗೆ ಸೂಜಿ ಚುಚ್ಚಿತ್ತು.

"ಹಾಲಿನ ಕವರು. ಮೇಲೆ ಲೈನಿಂಗ್ ಬಟ್ಟೆ ಚೂರಲ್ಲಿ ಬಿಗಿಯಾಗಿ ಕಟ್ಟಿದ್ರು," ಎಂದರು ನರ್ಸಮ್ಮ. "ಯಾರಿಗೂ ಚುಚ್ಚಬಾರದು ಅಂತಾನೇ ಕಟ್ಟಿರ್ತಾರೆ, ಪಾಪ."

ಯಂತ್ರ ನಿಂತಿತು. ಟೈಲರಣ್ಣನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಹೊಲಿಗೆ ಸೂಜಿ ಮುರಿದರೆ ತುಂಡು ಸಿಗುವವರೆಗೂ ನೆಲ ಬಿಟ್ಟೇಳದ ಮನುಷ್ಯ. ಇನ್ಸುಲಿನ್ ಸೂಜಿಯನ್ನೂ ಹಾಗೇ ಜೋಪಾನವಾಗಿ ಹಾಲಿನ ಕವರಿಗೆ ತುರುಕಿ, ಲೈನಿಂಗ್ ಚೂರು ಕಟ್ಟಿಯೇ ಕಸಕ್ಕೆ ಹಾಕುತ್ತಿದ್ದ. ಒಳಗಿನಿಂದ ಹೆಂಡತಿ ಬಂದಳು. "ಅದು ನಮ್ಮನೇದೇ ಕಣ್ರೀ," ಎಂದಳು.

ಟೈಲರಣ್ಣ ಎದ್ದು ನಿಂತ. ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದ. ಬೆರಳು ಚೀಪಲು ಹೊರಟವಳನ್ನು ಜೊತೆಯವರು ತಡೆದು, ಸೋಪು ಹಾಕಿ ತೊಳೆಸಿ, ತಕ್ಷಣ ಆಸ್ಪತ್ರೆಗೆ ಕರೆತಂದಿದ್ದರಂತೆ. ರಕ್ತ ಪರೀಕ್ಷೆಗೆ ಕೊಟ್ಟು ಲಸಿಕೆಯ ಮೊದಲ ಡೋಸೂ ಹಾಕಿಸಿಕೊಂಡಿದ್ದಳು. ಬಸುರಿಯರಿಗೂ ಅದು ಸುರಕ್ಷಿತ.

"ಆದ್ರೆ ಅಣ್ಣಾ, ಸೂಜಿ ನಿಮ್ದಾದ್ರೆ ನಿಮ್ಮ ರಕ್ತಾನೂ ನೋಡ್ಬೇಕು. ಇವತ್ತೇ."

ರೋಗ ಅಲ್ಲಿಂದ ಇಲ್ಲಿಗೆ ಬರುತ್ತದೆ ಎಂದು ಬೀದಿಯೆಲ್ಲ ಕೂಗಾಡಿದ್ದ. ಇಲ್ಲಿಂದಲೇ ಅಲ್ಲಿಗೆ ಹೋಗಿದ್ದರೆ? ಆಸ್ಪತ್ರೆಯ ಬೆಂಚಿನಲ್ಲಿ ಕೂತ, ಎದ್ದ, ಮತ್ತೆ ಕೂತ. ಬೆಂಚಿನ ಆಚೆ ತುದಿಯಲ್ಲಿ ಆ ಬಸುರಿಯೂ ಕಾಯುತ್ತಿದ್ದಳು. ಅವನೇ ಹೋಗಿ ತಪ್ಪು ಒಪ್ಪಿಕೊಂಡ.

ಅವಳು ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಿಮಗೆ ಇವತ್ತೊಂದಿನ ಈ ಭಯ, ಮಾಮ. ನಮಗೆ ದಿನಾ ಇದೇ," ಎಂದಳು.

ಪರೀಕ್ಷೆಯಲ್ಲಿ ಇಬ್ಬರಿಗೂ ರೋಗವಿಲ್ಲವೆಂದು ಬಂತು. ಟೈಲರಣ್ಣ ನಾಚಿಕೆ ಬಿಟ್ಟು ಅತ್ತ. ಅದೇ ಸಂಜೆ ಗಂಡ ಹೆಂಡತಿ ಬೀದಿಯ ಮನೆಮನೆಗೆ ಹೋಗಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲವರು ಗೊಣಗಿದರು, ಬಾಗಿಲು ಹಾಕಿಕೊಂಡವರೂ ಇದ್ದರು. ಆದರೂ ಕೋಣೆ ತೆರೆಯಿತು. ಶೆಡ್ಡಿನ ಹೆಂಗಸರ ಸಾಲಿನಲ್ಲಿ ಟೈಲರಣ್ಣನೂ ಅಂಗಿಯ ತೋಳು ಮಡಚಿಕೊಂಡು ನಿಂತ.

ಬಂಧುಗಳೇ, ಬಳಸಿದ ಸೂಜಿಯನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಿ. ಹುಟ್ಟಿದ ಮಗುವಿಗೆ ಇಪ್ಪತ್ನಾಲ್ಕು ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಿ. ದೊಡ್ಡವರಾದರೆ ವೈದ್ಯರು ಹೇಳಿದಷ್ಟೂ ಡೋಸು ಮುಗಿಸಿ, ಒಂದಕ್ಕೇ ಸಾಕೆನ್ನಬೇಡಿ. ನೀವು ಹೊರಗಿಟ್ಟ ಕಸವನ್ನು ಯಾರದೋ ಕೈ ಮುಟ್ಟುತ್ತದೆ. ಆ ಕೈಯವರಿಗೆ ಲಸಿಕೆ ಸಿಗಲಿ ಎಂದು ಈ ದಿನವೇ ನಿಮ್ಮ ಬೀದಿಯಲ್ಲಿ ದನಿ ಎತ್ತಿ.