ಬುಗುರಿಯೋ ಏಣಿಯೋ

ಹೊಸ ಅಂಗಿಯ ಕತ್ತಿನ ಗುಂಡಿ ಏನು ಮಾಡಿದರೂ ಕಾಜದೊಳಗೆ ಹೋಗಲೊಲ್ಲದು. ಹೆಂಡತಿ ಬಗ್ಗಿ ಎರಡೂ ಹೆಬ್ಬೆರಳಲ್ಲಿ ಅದನ್ನು ಒತ್ತುತ್ತಿರುವಾಗಲೇ ಬೆನ್ನ ಹಿಂದೆ ಜಗಳ ಹತ್ತಿಕೊಂಡಿತು.

“ಬುಗುರಿ ಅಂತಾನೇ ಹೇಳಿ ಹೋಗಿದಾನೆ. ಕಡೇ ಮಾತು. ಇನ್ನು ಅಪೀಲಿಲ್ಲ.”

“ಯಾರಿಗೆ ಹೇಳಿದ, ನಿನ್ನ ಹೊಟ್ಟೆಗಾ? ಅಂಗೈ ತೋರಿಸಿದನಂತೆ, ಅವನ ಮಗಳೇ ಹೇಳಿದ್ಲು. ಅಂಗೈ ಅಂದ್ರೆ ಏಣಿ.”

“ಮೊದಲು ಬೆರಳು ತಿರುಗಿಸಿದ್ದನ್ನೂ ಅವಳೇ ಹೇಳಿದ್ಲಲ್ಲ, ಅದನ್ಯಾಕೆ ನುಂಗ್ತೀಯ?”

ಬುಗುರಿಯ ಪರ ಇದ್ದವನು ಡ್ರಮ್ಮಣ್ಣ. ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಡ್ರಮ್ಮು ಅವನ ಸುಪರ್ದಿ. ಹೊಟ್ಟೆಯೂ ಅದೇ ಅಳತೆಯದು. ಏಣಿಯ ಪರ ಇದ್ದವಳು ಮಡಿಕೆಯಕ್ಕ, ಅಲ್ಲೇ ಬೆಡ್‌ಶೀಟು ಮಡಿಚುವವಳು. ಮೇಜಿನ ಮೇಲೆ ಹೊಸ ಅಂಗಿ ತೊಟ್ಟು ತಣ್ಣಗೆ ಮಲಗಿದ್ದವನು ಹಬೆಯಣ್ಣ, ಅದೇ ಲಾಂಡ್ರಿಯ ಇಸ್ತ್ರಿಯ ಬಿಸಿ ರೋಲರಿಗೆ ಬೆಡ್‌ಶೀಟು ಉಣಿಸುತ್ತಿದ್ದವನು. ಮೂವರೂ ಅರ್ಧ ಆಯುಷ್ಯವನ್ನು ಆ ನೆಲಮಾಳಿಗೆಯಲ್ಲೇ ಬೇಯಿಸಿದ್ದರು.

“ಮೆಲ್ಲಗೆ ಮಾತಾಡ್ರಪ್ಪ, ಮನುಷ್ಯ ಮಲಗಿದಾನೆ” ಎಂದುಬಿಟ್ಟು ಹೆಂಡತಿ ನಾಲಿಗೆ ಕಚ್ಚಿಕೊಂಡಳು.

“ಅತ್ತಿಗೆ, ಅವನಿಗೆ ನಮ್ಮ ಜಗಳಾನೇ ಜೋಗುಳ” ಎಂದ ಡ್ರಮ್ಮಣ್ಣ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು.

ಗುಂಡಿ ಕೊನೆಗೂ ಒಳಗೆ ಹೋಯಿತು. ಹೆಂಡತಿಯ ಕೈಗೆ ಇನ್ನು ಕೆಲಸವಿರಲಿಲ್ಲ. ಕೆಲಸವಿಲ್ಲದಿದ್ದರೆ ತಲೆಯೊಳಗೆ ಆ ಬೆರಳು, ಆ ಅಂಗೈ.

*

ಈ ಬುಗುರಿ-ಏಣಿ ಜಗಳಕ್ಕೆಲ್ಲ ಮೂಲ ದೊರೆ. ದೊರೆ ಎಂದರೆ ಬ್ಯಾಸ್ಕೆಟ್‌ಬಾಲಿನ ದೊರೆ. ಅವನು ಚೆಂಡು ಹಿಡಿದು ಹಾರಿದರೆ, ಇಳಿಯುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಲೋಟ ತೊಳೆದಿಡಬಹುದು ಎಂದು ಹಬೆಯಣ್ಣ ಹೇಳುತ್ತಿದ್ದ. ಒಂದು ಸಲ ತಾನೇ ತೊಳೆದಿಟ್ಟಿದ್ದೇನೆ ಎಂದೂ ಹೇಳುತ್ತಿದ್ದ. ಆ ದೊರೆ ಆಟ ಬಿಟ್ಟ ಎಂಬ ಸುದ್ದಿ ರೇಡಿಯೋದಲ್ಲಿ ಬಂದ ದಿನ ಲಾಂಡ್ರಿಯಲ್ಲಿ ಯಾರಿಗೂ ಕೈ ಓಡಲಿಲ್ಲ. ರೋಲರಿನಲ್ಲಿ ಒಂದು ಬೆಡ್‌ಶೀಟು ಸೀದು ಹಪ್ಪಳವಾಯಿತು. ದೊರೆಯೇ ಇಲ್ಲದ ಮೇಲೆ ಬೆಡ್‌ಶೀಟು ಇದ್ದರೆಷ್ಟು ಸುಟ್ಟರೆಷ್ಟು!

ಅವನಾದ ಮೇಲೆ ಯಾರು? ಡ್ರಮ್ಮಣ್ಣನ ಆಳು ಬುಗುರಿ: ಗಿಡ್ಡ, ನಿಂತಲ್ಲೇ ಗಿರ್ರನೆ ತಿರುಗಿ ನಾಲ್ಕು ಜನರ ಕಂಕುಳಡಿ ನುಸುಳುವವನು. ಮಡಿಕೆಯಕ್ಕನ ಆಳು ಏಣಿ: ಎಷ್ಟು ಎತ್ತರವೆಂದರೆ ಅವನು ಬುಟ್ಟಿಗೆ ಚೆಂಡು ಹಾಕುವುದಿಲ್ಲ, ಇಡುತ್ತಾನೆ. ಇಬ್ಬರ ಕಿತ್ತಾಟ ವರ್ಷಗಟ್ಟಲೆ ನಡೆಯಿತು. ಹಬೆಯಣ್ಣ ಮಾತ್ರ ಯಾರ ಕಡೆಗೂ ವಾಲಲಿಲ್ಲ. “ಇರ್ಲಿ, ಇನ್ನೂ ಬೇಯ್ಲಿ” ಎನ್ನುತ್ತಿದ್ದ.

ಕಿತ್ತಾಟವೆಲ್ಲ ಕೈಯಲ್ಲೇ. ಆ ಯಂತ್ರಗಳ ಸದ್ದಿಗೆ ಬಾಯಿ ಬಿಟ್ಟರೆ ಮಾತು ಹಲ್ಲಿನ ತನಕವೂ ಬರುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲದಕ್ಕೂ ಒಂದೊಂದು ಸನ್ನೆ. ಬೆರಳು ತಿರುಗಿಸಿದರೆ ಬುಗುರಿ, ಅಂಗೈ ಎತ್ತಿದರೆ ಏಣಿ. ಹಬೆ ಜಾಸ್ತಿ ಮಾಡು, ನಿಲ್ಲಿಸು, ಸಾಹೇಬ ಬಂದ, ಸಾಹೇಬನ ಹೊಸ ಕೂದಲು ನೋಡು, ಎಲ್ಲವೂ ಕೈಯಲ್ಲೇ.

ಅದೇ ಚಾಳಿ ಮನೆಗೂ ಬಂತು. ಉಪ್ಪು ಬೇಕೆಂದರೆ ಕೈ, ಟವೆಲ್ ಬೇಕೆಂದರೆ ಕೈ. ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು.

“ಇಲ್ಲೇನು ಮಿಷಿನ್ ಓಡ್ತಿದ್ಯಾ? ನಾನೇನು ಕಿವುಡೀನಾ? ಬಾಯಿ ಬಿಟ್ಟು ಹೇಳು.”

ಹೇಳಿ ಹೇಳಿ ಅವನ ಕೈ ಮನೆಯಲ್ಲಿ ಸುಮ್ಮನಾಯಿತು. ಅವಳು ಒಂದೇ ಒಂದು ಸನ್ನೆಯನ್ನೂ ಕಲಿಯಲಿಲ್ಲ.

*

ಆಸ್ಪತ್ರೆಯಲ್ಲಿ ಅವನ ಬಾಯಿಗೆ ನಳಿಗೆ ಹಾಕಿದ್ದರು. ಎದುರಿನ ಗೋಡೆಯ ಟೀವಿಯಲ್ಲಿ ಯಾವುದೋ ಮ್ಯಾಚು ಸದ್ದಿಲ್ಲದೆ ಓಡುತ್ತಿತ್ತು. ಹೆಂಡತಿ ಮಂಚದ ಎಡಗಡೆ, ಔಷಧಿಯ ಸ್ಟ್ಯಾಂಡಿನ ಆಚೆ ಕುರ್ಚಿ ಹಾಕಿಕೊಂಡಿದ್ದಳು. ಅವನು ಅವಳನ್ನು ನೋಡಿದ. ಬಲಗೈ ಮೆಲ್ಲಗೆ ಮೇಲೆದ್ದಿತು. ತೋರುಬೆರಳು ಗಾಳಿಯಲ್ಲಿ ಒಂದು ಸುತ್ತು ಹಾಕಿತು. ಆಮೇಲೆ ಅಂಗೈ ಬಿಚ್ಚಿಕೊಂಡಿತು.

ಫ್ಯಾನು ಎಂದುಕೊಂಡಳು. ಹಾಕಿದಳು. ಅವನು ತಲೆ ಅಲ್ಲಾಡಿಸಿದ. ಮತ್ತೆ ಬೆರಳು, ಮತ್ತೆ ಅಂಗೈ. ನೀರಾ? ಹೊದಿಕೆಯಾ? ಮಗಳನ್ನ ಕರೀಲಾ? ಯಾವುದೂ ಅಲ್ಲ.

“ಅರ್ಥ ಆಗ್ತಿಲ್ಲ ಕಣೋ, ಬಾಯಿ ಬಿಟ್ಟು ಹೇಳು!”

ಬಾಯಲ್ಲಿ ನಳಿಗೆ ಇದ್ದವನಿಗೆ ಹಾಗೆಂದಳು. ಅವನ ಕಣ್ಣು ನಕ್ಕ ಹಾಗಿತ್ತು. ಅವಳು ನರ್ಸನ್ನು ಕರೆಯಲು ಓಡಿದಳು. ನರ್ಸಿನ ಜೊತೆ ವಾಪಸು ಬರುವಷ್ಟರಲ್ಲಿ ಅಂಗೈ ಹಾಗೇ ಬಿಚ್ಚಿಕೊಂಡು ಹಾಸಿಗೆಯ ಮೇಲೆ ಬಿದ್ದಿತ್ತು.

*

“ಇಬ್ರೂ ಬನ್ನಿ ಇಲ್ಲಿ” ಎಂದು ಹೆಂಡತಿ ಅವರನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. “ನಿಮ್ಮ ಬುಗುರಿ ಏಣಿ ಕಟ್ಕೊಂಡು ನಂಗೇನೂ ಆಗ್ಬೇಕಾಗಿಲ್ಲ. ಆದ್ರೆ ಅವನು ಕಡೇಲಿ ಟೀವಿ ನೋಡ್ತಾ ಚೆಂಡಿನ ವಿಷ್ಯ ಹೇಳಿದ್ದು ಅಂತಾದ್ರೆ ನಂಗೆ ನೆಮ್ಮದಿ. ನನ್ನತ್ರ ಏನೋ ಕೇಳಿ, ನಾನು ಪೆದ್ದಿ ಅದನ್ನ ಕೊಡದೇ ಹೋಗಿದ್ರೆ…”

“ಚೆಂಡಿಂದೇ ಅತ್ತಿಗೆ” ಎಂದ ಡ್ರಮ್ಮಣ್ಣ. “ಬುಗುರಿ. ಬರ್ದು ಕೊಡ್ತೀನಿ.”

“ಏಣಿ” ಎಂದಳು ಮಡಿಕೆಯಕ್ಕ.

“ತಾಳಿ. ಅವನು ಮಾಡಿದ ಹಾಗೇ ಮಾಡಿ ತೋರಿಸ್ತೀನಿ.”

ಹೆಂಡತಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಕೈ ಎತ್ತಿದಳು. ಬೆರಳು ನಿಂತಲ್ಲೇ ತಿರುಗಲಿಲ್ಲ. ಅತ್ತ ಕಡೆಯಿಂದ ಹೊರಟು ದೊಡ್ಡದಾಗಿ ಬಳಸಿಕೊಂಡು ತನ್ನ ಕಡೆಗೇ ಬಂತು. ಅಂಗೈ ಮೇಲಕ್ಕೆ ಏರಲಿಲ್ಲ. ಸೊಂಟದ ಮಟ್ಟದಲ್ಲೇ, ಏನನ್ನೋ ಇಸಿದುಕೊಳ್ಳುವ ಹಾಗೆ ತೆರೆದುಕೊಂಡಿತು.

ಹೆಂಡತಿ ಕಣ್ಣು ಬಿಟ್ಟಳು. ಡ್ರಮ್ಮಣ್ಣ ಮಡಿಕೆಯಕ್ಕನನ್ನು ನೋಡಿದ. ಮಡಿಕೆಯಕ್ಕ ಸಿಂಕಿನ ನಲ್ಲಿಯನ್ನು ನೋಡಿದಳು.

“ಬುಗುರೀನೇ” ಎಂದಳು ಮಡಿಕೆಯಕ್ಕ ಸಣ್ಣಗೆ.

“ಏನು?”

“ಬುಗುರಿ ಅಂತಾನೇ ಹೇಳಿರೋದು. ನಾನು ಸೋತೆ.”

“ಛೆ ಛೆ” ಎಂದ ಡ್ರಮ್ಮಣ್ಣ ಗಡಬಡಿಸಿ, “ಅಂಗೈ ಇದ್ಯಲ್ಲ, ಏಣೀನೇ ಇರ್ಬೇಕು. ನೀನೇ ಗೆದ್ದೆ ಮಾರಾಯ್ತಿ.”

“ಅಯ್ಯೋ, ಬುಗುರಿ ಅಂತಿದೀನಲ್ಲ!”

“ಏಣಿ ಅಂದ್ನಲ್ಲ!”

ಹೆಂಡತಿಗೆ ತಲೆ ಗಿರ್ರೆಂದಿತು. ಇಷ್ಟು ವರ್ಷ ಕೂದಲೆಳೆಯಷ್ಟೂ ಜಗ್ಗದವರು ಈಗ ಪೈಪೋಟಿಯ ಮೇಲೆ ಸೋಲುತ್ತಿದ್ದಾರೆ. “ನಿಮಗೇನಾದ್ರೂ ಹಬೆ ನೆತ್ತಿಗೇರಿದ್ಯಾ?” ಎಂದು ಕೇಳಿದಳು. ಉತ್ತರ ಬರುವ ಮೊದಲೇ ಮಗಳು ಬಾಗಿಲು ತಳ್ಳಿದಳು. “ಅಮ್ಮಾ, ವ್ಯಾನ್ ಬಂತು.”

ವ್ಯಾನಿನವನು ಇಂಜಿನ್ ಆರಿಸದೆ ಕಿಟಕಿಯ ಬುಡದಲ್ಲೇ ನಿಲ್ಲಿಸಿದ್ದ. ಅದರ ಗುಡುಗುಡು ಸದ್ದು ಕೋಣೆಯ ತುಂಬ. ಯಾರಿಗೆ ಯಾರ ಮಾತೂ ಕೇಳಿಸದು. ಮಡಿಕೆಯಕ್ಕ ಹೋಟೆಲಿನಿಂದ ತಂದಿದ್ದ ಬಿಳಿ ಬೆಡ್‌ಶೀಟನ್ನು ಒಂದೇ ಸಲ ಕೊಡವಿ ಬಿಚ್ಚಿ ಮೇಜಿನ ಮೇಲೆ ಹಾರಿಸಿದಳು. ಒಂದು ಮೂಲೆ ಜಾರಿ ನೆಲದ ಕಡೆ ಇಳಿಯತೊಡಗಿತು. ಡ್ರಮ್ಮಣ್ಣ ಮೇಜಿನ ಆಚೆ ಬದಿಯಲ್ಲಿದ್ದ. ಮಡಿಕೆಯಕ್ಕನ ಕೈ ತನ್ನಷ್ಟಕ್ಕೆ ತಾನೇ ಎದ್ದಿತು. ಬೆರಳು ದೊಡ್ಡದಾಗಿ ಬಳಸಿ ತನ್ನ ಕಡೆಗೆ ಬಂತು. ಅಂಗೈ ಸೊಂಟದ ಮಟ್ಟದಲ್ಲಿ ಬಿಚ್ಚಿಕೊಂಡಿತು. ಡ್ರಮ್ಮಣ್ಣ ಮೇಜನ್ನು ಸುತ್ತಿ ಬಂದು ಆ ಮೂಲೆಯನ್ನು ಹಿಡಿದುಕೊಂಡ.

ಹಿಡಿದ ಮೇಲೆ ಇಬ್ಬರೂ ಕಲ್ಲಾದರು.

“ಅದು ಏನು?” ಹೆಂಡತಿ ಕೂಗಿ ಕೇಳಿದಳು.

ಮಡಿಕೆಯಕ್ಕ ಬೆಡ್‌ಶೀಟಿನ ಅಂಚು ಸರಿಮಾಡತೊಡಗಿದಳು.

“ಈಗ ಮಾಡಿದ್ಯಲ್ಲಕ್ಕ, ಅದೇನು ಅಂದ್ರೆ?”

ಡ್ರಮ್ಮಣ್ಣ ಮೂಲೆ ಹಿಡಿದೇ ಮೇಜಿನ ಮೇಲಿಂದ ಅತ್ತಿಗೆಯ ಕಿವಿಯತ್ತ ಬಗ್ಗಿದ. “ರೋಲರಿಂದ ಬೆಡ್‌ಶೀಟು ಹೊರಗೆ ಬರುತ್ತಲ್ಲ ಅತ್ತಿಗೆ… ಒಬ್ಬರ ಕೈಲಿ ಆಗಲ್ಲ. ಸುತ್ತಿ ಈ ಕಡೆ ಬಾ, ಹಿಡ್ಕೋ ಅಂತ. ಅಷ್ಟೇ.”

“ನರ್ಸ್ ಬೇಕು ಅಂತಲ್ಲ?”

“ಅಲ್ಲ.”

“ಈ ಕಡೆ ಬಾ ಅಂತ.”

“ಹೂಂ. ಆದ್ರೆ ಅವನು ಏಣಿ ಅಂತಾನೂ…”

ಹೊರಗೆ ವ್ಯಾನಿನವನು ಹಾರನ್ ಹೊಡೆದ. ಹೆಂಡತಿ ಗಂಡನ ಎಡಗಡೆ ನಿಂತಿದ್ದಳು. ಅವಳು ಅವನ ಕಾಲ ಬಳಿಯಿಂದ ಮೇಜನ್ನು ಬಳಸಿಕೊಂಡು ಬಲಗಡೆಗೆ ಬಂದು, ಡ್ರಮ್ಮಣ್ಣನ ಕೈಯಲ್ಲಿದ್ದ ಮೂಲೆಯನ್ನು ತಾನು ಹಿಡಿದುಕೊಂಡಳು. ಮಡಿಕೆಯಕ್ಕ ಆಚೆಗೆ ಸರಿದು ಎದುರಿನ ತುದಿ ಹಿಡಿದು, ಇಳಿಸೋಣವೇ ಎಂದು ಕಣ್ಣಲ್ಲೇ ಕೇಳಿದಳು.

ಹೆಂಡತಿ ಇಳಿಸಲಿಲ್ಲ. ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದಳು. ಒಂದು ಸುಕ್ಕೂ ಇಲ್ಲದ ಬಿಳುಪು ಅವನ ಮುಖಕ್ಕೆ ತಾಕದೆ, ಗೇಣು ಮೇಲೆ, ಇಂಜಿನ್ನಿನ ಸದ್ದಿಗೆ ಸಣ್ಣಗೆ ನಡುಗುತ್ತ ಹಾಗೇ ನಿಂತಿತು.